ನಡೆಯಬಲ್ಲ ಮಗುವಿಗೆ ತಳ್ಳುಗಾಡಿ ಬೇಕೆ?

ಮಕ್ಕಳ ಪಾಲನೆಯೆಂದರೆ ಕಾಲಕಾಲಕ್ಕೆ ಲಸಿಕೆ ಹಾಕಿಸುವುದು, ಪೌಷ್ಟಿಕ ಆಹಾರ ಕೊಡುವುದು, ಕಾಯಿಲೆಯಾದಾಗ ಔಷಧಿ ಕೊಡಿಸುವುದು ಇಷ್ಟೇ ಅಲ್ಲ. ವರ್ಷಕ್ಕೊಮ್ಮೆಯಾದರೂ ಮಕ್ಕಳನ್ನು ಹೊರಗೆ ಕರೆದೊಯ್ದು ನಾಲ್ಕು ಹೊಸ ನೋಟಗಳನ್ನು ತೋರಿಸಿ ಸಂತೋಷಪಡಿಸುವುದೂ ತಂದೆತಾಯಿಗಳ ಕರ್ತವ್ಯವೇ ಆಗಿದೆ. ಹಿಂದೆ ಗ್ರಾಮೀಣ ಕುಟುಂಬಗಳಿಗೆ ಇಂತಹ ಸಂದರ್ಭವೆಂದರೆ ಊರ ಜಾತ್ರೆ, ತೇರು, ನೆಂಟರ ಮನೆಯ ಮದುವೆ. ಈಗ ರಜೆ ಬಂದೊಡನೆ ಅನೇಕ ಕುಟುಂಬಗಳು 1892ರಲ್ಲಿ ಸ್ಥಾಪನೆಯಾದ ಮೈಸೂರಿನ ಮೃಗಾಲಯಕ್ಕೋ, ಬಿಡದಿಯ ಬಳಿ 2005ರಲ್ಲಿ ಆರಂಭವಾದ ವಂಡರ್‌ಲಾ ಮನರಂಜನಾ ಉದ್ಯಾನಕ್ಕೋ ಹೊರಡುತ್ತವೆ.

ಇಂತಹ ಸ್ಥಳಗಳಲ್ಲಿ ನೀವು ಒಂದು ದೃಶ್ಯವನ್ನು ಕಂಡಿರಬಹುದು. ಐದಾರು ವರ್ಷದ, ಚೆನ್ನಾಗಿ ನಡೆಯಬಲ್ಲ ಮಗುವನ್ನು ಪಟ್ಟಣದ ದಂಪತಿಗಳು ಚಕ್ರದ ಗಾಡಿಯಲ್ಲಿ ಕೂರಿಸಿ ತಳ್ಳಿಕೊಂಡು ಹೋಗುತ್ತಿರುತ್ತಾರೆ. ನೋಡಿದವರು "ಇಷ್ಟು ದೊಡ್ಡ ಮಗುವಿಗೆ ಗಾಡಿಯೇ? ಕಾಲಿಗೆ ಏನಾಗಿದೆ?" ಎಂದು ನಗುವುದುಂಟು. ಅದೇ ಹೊತ್ತಿಗೆ ಪಕ್ಕದಲ್ಲೇ ಇನ್ನೊಬ್ಬ ತಾಯಿ ಅಷ್ಟೇ ವಯಸ್ಸಿನ ಮಗುವನ್ನು ಕಂಕುಳಲ್ಲಿ ಹೊತ್ತು ಏದುಸಿರು ಬಿಡುತ್ತಿರುತ್ತಾಳೆ. ಮತ್ತೊಬ್ಬ ತಂದೆ ಅಳುತ್ತಿರುವ ಮಗುವಿನ ಕೈಹಿಡಿದು ಎಳೆದುಕೊಂಡು ಹೋಗುತ್ತಿರುತ್ತಾನೆ. ಈ ಮೂವರಲ್ಲಿ ಯಾರು ಮಾಡಿದ್ದು ಸರಿ? ಈ ವಿಷಯವನ್ನು ಆರೋಗ್ಯದ ದೃಷ್ಟಿಯಿಂದ ವಿಚಾರ ಮಾಡುವುದೇ ಈ ಲೇಖನದ ಉದ್ದೇಶ.

ಈ ಪದ್ಧತಿ ಎಲ್ಲಿಯದು?

ಮಕ್ಕಳನ್ನು ಕೂರಿಸಿ ತಳ್ಳುವ, ಮಡಿಸಿ ಇಡಬಹುದಾದ ಈ ಗಾಡಿಯನ್ನು ಅಂಗಡಿಗಳಲ್ಲಿ ಸ್ಟ್ರೋಲರ್ ಎನ್ನುವರು. ನಾವು ಇದನ್ನು ಮಕ್ಕಳ ತಳ್ಳುಗಾಡಿ ಎನ್ನೋಣ. ದೊಡ್ಡ ಮಕ್ಕಳನ್ನೂ ಇದರಲ್ಲಿ ಕೂರಿಸುವ ರೂಢಿ ಹೆಚ್ಚಾಗಿ ಕಾಣುವುದು ಅಮೆರಿಕದ ದೊಡ್ಡ ಮನರಂಜನಾ ಉದ್ಯಾನಗಳಲ್ಲಿ. ಕ್ಯಾಲಿಫೋರ್ನಿಯಾ ರಾಜ್ಯದಲ್ಲಿ 1955ರಲ್ಲಿ ಡಿಸ್ನಿಲ್ಯಾಂಡ್ ಆರಂಭವಾಯಿತು. ಫ್ಲಾರಿಡಾ ರಾಜ್ಯದಲ್ಲಿ 1971ರಲ್ಲಿ ವಾಲ್ಟ್ ಡಿಸ್ನಿ ವರ್ಲ್ಡ್ ಆರಂಭವಾಯಿತು. ಇಲ್ಲಿಗೆ ಬರುವ ಕುಟುಂಬಗಳು ಬೆಳಿಗ್ಗೆಯಿಂದ ರಾತ್ರಿಯವರೆಗೆ ನಡೆಯುತ್ತಲೇ ಇರುತ್ತವೆ. ಒಂದೇ ದಿನದಲ್ಲಿ ಹತ್ತು ಕಿಲೋಮೀಟರ್ ನಡೆಯುವುದು ಅಲ್ಲಿ ಅಪರೂಪವೇನಲ್ಲ.

ಆದುದರಿಂದ ಅಲ್ಲಿ ಗಾಡಿಗಳನ್ನು ದಿನದ ಬಾಡಿಗೆಗೆ ಕೊಡುವ ವ್ಯವಸ್ಥೆಯಿದೆ. ಒಂದು ಮಗು ಕೂರುವ ಬಾಡಿಗೆ ಗಾಡಿಗೆ ಡಿಸ್ನಿ ವರ್ಲ್ಡ್‌ನಲ್ಲಿ ಸೂಚಿಸಿರುವ ಮಿತಿ 50 ಪೌಂಡ್, ಅಂದರೆ ಸುಮಾರು 23 ಕಿಲೋಗ್ರಾಂ. ಇದು ಏಳು ವರ್ಷದ ಮಗುವಿನ ತೂಕ. ಅಂದರೆ ನಡೆಯಲು ಬಾರದ ಕೂಸಿಗೆ ಮಾತ್ರವಲ್ಲ, ಶಾಲೆಗೆ ಹೋಗುವ ಮಗುವಿಗೂ ಆ ಗಾಡಿ ಒದಗುತ್ತದೆ. ಜನಸಂದಣಿಯಲ್ಲಿ ದಾರಿ ಕಟ್ಟಬಾರದೆಂದು 2019ರ ಮೇ 1ರಿಂದ 31 ಅಂಗುಲಕ್ಕಿಂತ ಅಗಲವಾದ, 52 ಅಂಗುಲಕ್ಕಿಂತ ಉದ್ದವಾದ ಗಾಡಿಗಳನ್ನು ಆ ಉದ್ಯಾನಗಳೊಳಗೆ ಬಿಡುವುದನ್ನು ನಿಲ್ಲಿಸಲಾಯಿತು. ಅಲ್ಲಿ ನೆಲೆಸಿರುವ ನಿಮ್ಮ ನೆಂಟರು ಕಳುಹಿಸಿದ ಚಿತ್ರಗಳಲ್ಲಿ ಆರು ವರ್ಷದ ಮಗು ಗಾಡಿಯಲ್ಲಿ ಕುಳಿತಿದ್ದರೆ ಅದನ್ನು ಸೋಮಾರಿತನವೆಂದು ತಿಳಿಯಬೇಕಾಗಿಲ್ಲ. ಅದು ದೂರದ ನಡಿಗೆಗೆ ಮಾಡಿಕೊಂಡ ಒಂದು ಸಿದ್ಧತೆ ಮಾತ್ರ.

ನಮ್ಮ ಹಿರಿಯರೂ ಇದನ್ನು ಅರಿಯದವರೇನಲ್ಲ. ದೂರದ ಜಾತ್ರೆಗೆ ಎತ್ತಿನ ಗಾಡಿ ಕಟ್ಟಿ, ಹುಲ್ಲು ಹಾಸಿ, ಅದರ ಮೇಲೆ ಮಕ್ಕಳನ್ನು ಕೂರಿಸಿ, ತಾವು ಪಕ್ಕದಲ್ಲಿ ನಡೆದು ಹೋಗುತ್ತಿದ್ದರು. ಆ ಮಕ್ಕಳನ್ನು ಯಾರೂ ಕುಂಟರೆಂದು ಹೀಯಾಳಿಸಲಿಲ್ಲ.

ಮಗುವಿನ ನಡಿಗೆ ಬೇರೆ, ದೊಡ್ಡವರ ನಡಿಗೆ ಬೇರೆ

"ನಮ್ಮ ಹಳ್ಳಿಯ ಮಕ್ಕಳು ದಿನವಿಡೀ ಓಡಾಡುತ್ತವೆ, ಹೊಲಕ್ಕೆ ನಡೆದು ಹೋಗುತ್ತವೆ, ಅವಕ್ಕೆ ಆಯಾಸವೆಲ್ಲಿಯದು?" ಎಂದು ನೀವು ಕೇಳಬಹುದು. ಪ್ರಶ್ನೆ ಸಹಜವಾದುದು. ಆದರೆ ಮಗು ತನ್ನಷ್ಟಕ್ಕೆ ಆಡುವಾಗ ಗಮನಿಸಿ ನೋಡಿ. ಅದು ಸ್ವಲ್ಪ ಓಡುತ್ತದೆ, ಕೂರುತ್ತದೆ, ಮಣ್ಣಿನಲ್ಲಿ ಆಡುತ್ತದೆ, ಮರದ ನೆರಳಿಗೆ ಹೋಗುತ್ತದೆ, ಮತ್ತೆ ಓಡುತ್ತದೆ. ದಣಿವಾದಾಗ ವಿಶ್ರಾಂತಿ, ದಣಿವು ಆರಿದಾಗ ಆಟ, ಇದು ಮಗುವಿನ ಸ್ವಭಾವ. ಉದ್ಯಾನದಲ್ಲಿ ಹಾಗಲ್ಲ. ಕಾಂಕ್ರೀಟಿನ ನೆಲದ ಮೇಲೆ, ಬಿಸಿಲಿನಲ್ಲಿ, ದೊಡ್ಡವರ ವೇಗಕ್ಕೆ ಸರಿಯಾಗಿ ಗಂಟೆಗಟ್ಟಲೆ ನಡೆಯಬೇಕು. ನಡುನಡುವೆ ಸರದಿ ಸಾಲಿನಲ್ಲಿ ನಿಲ್ಲಲೂ ಬೇಕು.

ಐದು ವರ್ಷದ ಮಗುವಿನ ಎತ್ತರ ಸುಮಾರು 110 ಸೆಂಟಿಮೀಟರ್. ನೀವು ಆರು ಹೆಜ್ಜೆ ಇಡುವಷ್ಟು ದೂರಕ್ಕೆ ಆ ಮಗು ಸುಮಾರು ಹತ್ತು ಹೆಜ್ಜೆ ಇಡಬೇಕಾಗುತ್ತದೆ. ನಿಮಗೆ ಸಾಧಾರಣ ನಡಿಗೆಯಾದದ್ದು ಅದಕ್ಕೆ ಅರ್ಧ ಓಟವೇ ಸರಿ.

ಬಿಸಿಲಿನ ವಿಷಯವೂ ಹೀಗೆಯೇ. ಮಕ್ಕಳ ದೇಹದ ತೂಕಕ್ಕೆ ಹೋಲಿಸಿದರೆ ಚರ್ಮದ ವಿಸ್ತಾರ ದೊಡ್ಡವರಿಗಿಂತ ಹೆಚ್ಚು. ಅವರು ಬೆವರುವುದು ಕಡಿಮೆ. ಕಾದ ನೆಲಕ್ಕೂ ಅವರು ಹೆಚ್ಚು ಸಮೀಪದಲ್ಲಿರುತ್ತಾರೆ. ಈ ಕಾರಣಗಳಿಂದ ಬಿಸಿಲಿನ ತಾಪ ಮಕ್ಕಳನ್ನು ಬೇಗ ಬಾಧಿಸುತ್ತದೆ. ಮಗು ಆಟ ನಿಲ್ಲಿಸಿ ಸುಮ್ಮನಾಗುವುದು, ಮುಖ ಕೆಂಪಾಗುವುದು, ತಲೆನೋವು, ವಾಕರಿಕೆ, ಬಹಳ ಹೊತ್ತು ಮೂತ್ರ ಮಾಡದಿರುವುದು ಇವು ಎಚ್ಚರಿಕೆಯ ಲಕ್ಷಣಗಳು. ಇವು ಕಂಡೊಡನೆ ಮಗುವನ್ನು ನೆರಳಿಗೆ ಕರೆದೊಯ್ದು, ಬಟ್ಟೆ ಸಡಿಲಿಸಿ, ಒದ್ದೆ ಬಟ್ಟೆಯಿಂದ ಮೈಯೊರೆಸಿ, ನೀರನ್ನೋ ಓಆರ್‌ಎಸ್ ದ್ರಾವಣವನ್ನೋ ಸ್ವಲ್ಪ ಸ್ವಲ್ಪವಾಗಿ ಕುಡಿಸಿರಿ. ಮಗುವಿಗೆ ಎಚ್ಚರ ತಪ್ಪಿದರೆ, ಅಸಂಬದ್ಧವಾಗಿ ಮಾತನಾಡಿದರೆ, ಇಲ್ಲವೇ ಮೈ ಕೆಂಡದಂತೆ ಸುಡುತ್ತಿದ್ದು ಮಗು ಮಂಕಾದರೆ ಬಾಯಿಗೆ ಏನನ್ನೂ ಹಾಕದೆ, ಮೈಮೇಲೆ ನೀರು ಹಾಕಿ ತಂಪುಮಾಡುತ್ತಾ 108ಕ್ಕೆ ಕರೆ ಮಾಡಿರಿ.

ಎತ್ತಿಕೊಂಡು ನಡೆದರಾಗದೇ?

ಸ್ವಲ್ಪ ದೂರಕ್ಕೆ ಆಗಬಹುದು; ದಿನವಿಡೀ ಆಗದು. ವಿಶ್ವ ಆರೋಗ್ಯ ಸಂಸ್ಥೆಯ ಬೆಳವಣಿಗೆಯ ಮಾನಕಗಳ ಪ್ರಕಾರ ಮೂರು ವರ್ಷದ ಮಗುವಿನ ತೂಕ ಸುಮಾರು 14 ಕಿಲೋ, ನಾಲ್ಕು ವರ್ಷಕ್ಕೆ ಸುಮಾರು 16 ಕಿಲೋ, ಐದು ವರ್ಷಕ್ಕೆ ಸುಮಾರು 18 ಕಿಲೋ. ತುಂಬಿದ ಬಿಂದಿಗೆಯನ್ನು ಸೊಂಟದ ಮೇಲಿಟ್ಟುಕೊಂಡು ಊರೂರು ಸುತ್ತಿದಂತೆಯೇ ಇದು. ಬೆನ್ನುನೋವು, ಸೊಂಟನೋವುಗಳು ಇದರ ಫಲ.

ತಾಯಿ ಗರ್ಭಿಣಿಯಾಗಿದ್ದರೆ ಈ ಭಾರವನ್ನು ಹೊರತಕ್ಕದ್ದಲ್ಲ. ಹೊಟ್ಟೆ ಕೊಯ್ದು ಹೆರಿಗೆಯಾದವರು ಆರು ವಾರಗಳವರೆಗೆ ತಮ್ಮ ಎಳೆಗೂಸಿಗಿಂತ ಭಾರವಾದುದನ್ನು ಎತ್ತಬಾರದು. ಸಂತಾನ ನಿಯಂತ್ರಣ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರು ವೈದ್ಯರು ಹೇಳಿದ ಅವಧಿ ಮುಗಿಯುವವರೆಗೆ ದೊಡ್ಡ ಮಗುವನ್ನು ಎತ್ತಬಾರದು. ಇಂತಹ ದಿನಗಳಲ್ಲಿ ಪತಿಯಾದವನು "ಅವಳ ಮಗು, ಅವಳೇ ಹೊರಲಿ" ಎಂಬ ಭಾವನೆಯನ್ನು ಬಿಟ್ಟು ತಾನೇ ಮುಂದಾಗಬೇಕು.

ಇನ್ನು ಕೆಲವು ಮನೆಗಳಲ್ಲಿ ಎಂಟು ಹತ್ತು ವರ್ಷದ ಅಕ್ಕನ ಸೊಂಟಕ್ಕೆ ತಮ್ಮನನ್ನು ಏರಿಸಿ ಕಳುಹಿಸುವ ವಾಡಿಕೆಯಿದೆ. ಆ ಹುಡುಗಿಯೂ ಮಗುವೇ. ಅವಳೂ ನೋಡಿ ನಲಿಯಲೆಂದೇ ಬಂದವಳು. ಅವಳ ಮೇಲೆ ಈ ಹೊರೆ ಹಾಕುವುದು ನ್ಯಾಯವಲ್ಲ.

ತಂದೆಯ ಹೆಗಲ ಮೇಲೆ ಕುಳಿತು ತೇರು ನೋಡುವ ಸುಖ ಬೇರೆಯೇ. ಆದರೆ ಜನರ ನೂಕುನುಗ್ಗಲಿನಲ್ಲಿ ಕಾಲು ಎಡವಿದರೆ ಮಗು ಬೀಳುವುದು ಆಳೆತ್ತರದಿಂದ. ಆದುದರಿಂದ ನಿಂತು ನೋಡುವಾಗ ಮಾತ್ರ ಹೆಗಲಮೇಲೆ ಕೂರಿಸಿ, ನಡೆಯುವಾಗ ಇಳಿಸಿರಿ.

ಎಲ್ಲಕ್ಕಿಂತ ಮಿಗಿಲಾಗಿ, ದಣಿದ ಮಗುವಿನ ಕೈಯನ್ನು ಹಿಡಿದು ಎಳೆಯಲೇಬಾರದು. ಒಂದರಿಂದ ನಾಲ್ಕು ವರ್ಷದವರೆಗಿನ ಮಕ್ಕಳಲ್ಲಿ ಮೊಣಕೈಯ ಮೂಳೆಯನ್ನು ಸುತ್ತಿ ಹಿಡಿದಿರುವ ಪಟ್ಟಿ ಇನ್ನೂ ಸಡಿಲವಾಗಿರುವುದರಿಂದ, ಮುಂಗೈ ಹಿಡಿದು ಜಗ್ಗಿದಾಗ ಅಥವಾ ಒಂದೇ ಕೈಯಿಂದ ಮೇಲಕ್ಕೆತ್ತಿದಾಗ ಮೂಳೆ ಸ್ವಸ್ಥಾನದಿಂದ ಸ್ವಲ್ಪ ಜಾರುತ್ತದೆ. ಮಗು ಚೀರಿ ಅತ್ತು, ಆ ಕೈಯನ್ನು ಜೋತುಬಿಟ್ಟು, ಮುಟ್ಟಲು ಬಿಡದಿದ್ದರೆ ಹೀಗಾಗಿದೆಯೆಂದು ಸಂಶಯಪಡಬೇಕು. ನೀವೇ ತಿಕ್ಕುವುದಾಗಲಿ ತಿರುಚುವುದಾಗಲಿ ಮಾಡದೆ ವೈದ್ಯರ ಬಳಿಗೆ ಕರೆದೊಯ್ಯಿರಿ. ಅವರು ಅದನ್ನು ಸಾಮಾನ್ಯವಾಗಿ ಕೆಲವೇ ಕ್ಷಣಗಳಲ್ಲಿ ಸರಿಪಡಿಸುವರು.

ಗಾಡಿ ವಿಶ್ರಾಂತಿಗಾಗಿ, ಬಂಧನಕ್ಕಾಗಿ ಅಲ್ಲ

ಹೀಗೆಂದಮೇಲೆ ಮಗುವನ್ನು ದಿನವಿಡೀ ಗಾಡಿಯಲ್ಲೇ ಕೂರಿಸಿಡಬಹುದೆಂದು ತಿಳಿಯಬಾರದು. ಐದು ವರ್ಷದೊಳಗಿನ ಮಕ್ಕಳನ್ನು ಒಂದೇ ಸಮನೆ ಒಂದು ಗಂಟೆಗಿಂತ ಹೆಚ್ಚು ಕಾಲ ಗಾಡಿಯಲ್ಲಿ ಕಟ್ಟಿ ಕೂರಿಸಬಾರದೆಂದು ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ಸಲಹೆ ನೀಡಿದೆ. ಮೂರು, ನಾಲ್ಕು ವರ್ಷದ ಮಕ್ಕಳು ದಿನಕ್ಕೆ ಒಟ್ಟು ಮೂರು ಗಂಟೆಗಳಷ್ಟಾದರೂ ಚಟುವಟಿಕೆಯಿಂದಿರಬೇಕು, ಅದರಲ್ಲಿ ಒಂದು ಗಂಟೆಯಾದರೂ ಚುರುಕಾದ ಓಟ ಆಟಗಳಿರಬೇಕು ಎಂದೂ ಅದೇ ಸಲಹೆಯಲ್ಲಿದೆ. ಐದು ವರ್ಷ ದಾಟಿದ ಮಕ್ಕಳಿಗೂ ದಿನಕ್ಕೆ ಸರಾಸರಿ ಒಂದು ಗಂಟೆಯ ಚುರುಕಿನ ಚಟುವಟಿಕೆ ಅವಶ್ಯಕ.

ಆದುದರಿಂದ ಬೆಳಗಿನ ತಂಪಿನಲ್ಲಿ ಮಗು ನಡೆಯಲಿ. ನಡುಹಗಲಿನ ಹೊತ್ತಿಗೆ ಕೂರಲಿ, ನಿದ್ದೆ ಬಂದರೆ ಮಲಗಲಿ. ಸಂಜೆ ಎದ್ದು ಮತ್ತೆ ನಡೆಯಲಿ. ಊರಿಗೆ ಮರಳಿದ ಮೇಲೆ ಗಾಡಿ ಮೂಲೆ ಸೇರಲಿ. ಅಂಗಡಿಗೆ, ಅಂಗನವಾಡಿಗೆ, ಪಕ್ಕದ ಬೀದಿಗೆ ಮಗು ತನ್ನ ಕಾಲಿನ ಮೇಲೆಯೇ ಹೋಗತಕ್ಕದ್ದು.

ಗಾಡಿಯನ್ನು ಬಳಸುವವರು ಗಮನಿಸಬೇಕಾದ ಅಂಶಗಳು

1. ಗಾಡಿಯ ತೂಕದ ಮಿತಿಯನ್ನು ಅದರ ಚೀಟಿಯಲ್ಲಿ ಓದಿರಿ. ಮಾರುಕಟ್ಟೆಯಲ್ಲಿರುವ ಅನೇಕ ಗಾಡಿಗಳು 15 ಕಿಲೋ ತೂಕದವರೆಗೆ ಮಾತ್ರ ತಾಳುವಂಥವು. ಐದು ವರ್ಷದ ಮಗುವಿನ ತೂಕ ಅದಕ್ಕಿಂತ ಹೆಚ್ಚಾಗಿರುವುದು ಸಹಜ. ಮಗುವಿನ ತೂಕವನ್ನು ಅಂಗನವಾಡಿಯಲ್ಲಿ ತಿಳಿದುಕೊಂಡೇ ಗಾಡಿಯನ್ನು ಆರಿಸಿರಿ.

2. ಮಗುವಿನ ಪಾದಗಳು ಕಾಲುಹಲಗೆಯ ಮೇಲೆ ಇರಬೇಕು. ನೆಲಕ್ಕೆ ತಾಗುತ್ತಿದ್ದರೆ ಆ ಗಾಡಿ ಮಗುವಿಗೆ ಚಿಕ್ಕದು. ಪಾದ ಚಕ್ರಕ್ಕೆ ಸಿಕ್ಕಿ ಗಾಯವಾಗಬಹುದು.

3. ದೊಡ್ಡ ಮಗುವೆಂದು ಸೊಂಟದ ಪಟ್ಟಿಯನ್ನು ಕಟ್ಟದೆ ಬಿಡಬೇಡಿ. ಗಾಡಿಯಲ್ಲಿ ನಿಲ್ಲಲೂ ಬಿಡಬೇಡಿ.

4. ಹಿಡಿಕೆಗೆ ಭಾರವಾದ ಚೀಲಗಳನ್ನು ತೂಗುಹಾಕಬೇಡಿ. ಮಗು ಇಳಿದೊಡನೆ ಗಾಡಿ ಹಿಂದಕ್ಕೆ ಮಗುಚುವುದು.

5. ನಿಂತಾಗಲೆಲ್ಲ ಬ್ರೇಕ್ ಹಾಕಿರಿ. ಇಳಿಜಾರಿನಲ್ಲಿ ಬ್ರೇಕನ್ನು ನಂಬಿ ಕೈಬಿಡಬೇಡಿ.

6. ಮೆಟ್ಟಿಲುಗಳಲ್ಲಿ ಮಗುವನ್ನು ಇಳಿಸಿ, ಗಾಡಿಯನ್ನು ಮಡಿಸಿ ಒಯ್ಯಿರಿ. ಚಲಿಸುವ ಮೆಟ್ಟಿಲುಗಳ ಮೇಲೆ ಗಾಡಿಯನ್ನು ಎಂದಿಗೂ ಏರಿಸಬಾರದು.

7. ಗಾಡಿಯನ್ನು ಬಿಚ್ಚುವಾಗಲೂ ಮಡಿಸುವಾಗಲೂ ಮಕ್ಕಳನ್ನು ದೂರವಿಡಿ. ಕೀಲುಗಳ ನಡುವೆ ಎಳೆಬೆರಳು ಸಿಕ್ಕಿ ಜಜ್ಜಿಹೋಗುವ ಅಪಾಯವಿದೆ.

8. ಬಿಸಿಲು ತಾಗದಿರಲೆಂದು ಸೀರೆಯನ್ನೋ ಕಂಬಳಿಯನ್ನೋ ಗಾಡಿಯ ಸುತ್ತ ಮುಚ್ಚಬೇಡಿ. ಗಾಳಿಯಾಡದೆ ಒಳಗಿನ ತಾಪ ಏರುವುದು. ಛತ್ರಿ, ಟೋಪಿ, ಮರದ ನೆರಳು ಇವೇ ಸಾಕು.

9. ಗಾಡಿಯಲ್ಲಿ ಮಲಗಿರುವ ಮಗುವನ್ನು ಒಂಟಿಯಾಗಿ ಬಿಟ್ಟು ಆಟದ ಯಂತ್ರಗಳನ್ನು ಏರಲು ಹೋಗಬೇಡಿ. ದಂಪತಿಗಳಲ್ಲಿ ಒಬ್ಬರು ಮಗುವಿನ ಬಳಿ ಇರಲಿ, ಇನ್ನೊಬ್ಬರು ಹೋಗಿ ಬರಲಿ. ಅನಂತರ ಸರದಿ ಬದಲಾಗಲಿ.

ಹೊರಡುವ ಮುನ್ನ ಆ ಸ್ಥಳದಲ್ಲಿ ಗಾಡಿಯನ್ನು ಒಳಗೆ ಬಿಡುವರೇ, ಬಾಡಿಗೆಗೆ ಸಿಗುವುದೇ ಎಂದು ವಿಚಾರಿಸಿಕೊಳ್ಳಿ. ತೇರು ಎಳೆಯುವ ಜಾತ್ರೆಯಲ್ಲಾಗಲಿ ದಸರೆಯ ಮೆರವಣಿಗೆಯಲ್ಲಾಗಲಿ ಗಾಡಿಯನ್ನು ತರಬಾರದು. ಜನ ಒತ್ತರಿಸಿದಾಗ ಅದು ಮಗುವಿಗೂ ಇತರರಿಗೂ ಅಪಾಯಕರ.

ಗಾಡಿಯಿಲ್ಲದವರು ಏನು ಮಾಡಬೇಕು?

ಒಂದು ದಿನದ ಪ್ರವಾಸಕ್ಕಾಗಿ ಸಾಲಮಾಡಿ ಗಾಡಿ ಕೊಳ್ಳಬೇಕಾಗಿಲ್ಲ. ಗಾಡಿ ಮಾಡುವ ಕೆಲಸವೆಂದರೆ ಮಗುವಿಗೆ ಬೇಕಾದಾಗ ವಿಶ್ರಾಂತಿ ಒದಗಿಸುವುದು. ಅದನ್ನು ಬೇರೆ ರೀತಿಯಲ್ಲೂ ಸಾಧಿಸಬಹುದು. ಬಾಗಿಲು ತೆರೆಯುವ ಹೊತ್ತಿಗೇ ತಲುಪಿ, ದೂರದ ಭಾಗವನ್ನು ಬೆಳಿಗ್ಗೆಯೇ ನೋಡಿ ಮುಗಿಸಿರಿ. ಮುಕ್ಕಾಲು ಗಂಟೆಗೊಮ್ಮೆ ನೆರಳಿನಲ್ಲಿ ಕುಳಿತು ನೀರು ಕುಡಿಸಿರಿ. ಹನ್ನೆರಡರಿಂದ ಮೂರು ಗಂಟೆಯವರೆಗೆ ಒಂದು ಚಾಪೆ ಹಾಸಿ ಬುತ್ತಿ ಬಿಚ್ಚಿರಿ, ಮಕ್ಕಳು ಮಲಗಲಿ. ಮೈಸೂರು ಮೃಗಾಲಯವು ಸುಮಾರು 157 ಎಕರೆಗಳಷ್ಟು ವಿಸ್ತಾರವಾದುದು. ಅಲ್ಲಿ ನಡೆಯಲಾರದವರಿಗಾಗಿ ಬ್ಯಾಟರಿ ವಾಹನಗಳಿವೆ. ಅದರ ಶುಲ್ಕವು ಮಗುವಿನ ಆಯಾಸಕ್ಕಿಂತ ದುಬಾರಿಯೇನಲ್ಲ. ಎಲ್ಲವನ್ನೂ ನೋಡಿಯೇ ತೀರಬೇಕೆಂಬ ಹಟ ಬೇಡ. ಅರ್ಧ ನೋಡಿ ನಗುತ್ತಾ ಮರಳುವ ಮಗು, ಪೂರ್ತಿ ನೋಡಿ ಜ್ವರ ಬಂದು ಮಲಗುವ ಮಗುವಿಗಿಂತ ಭಾಗ್ಯಶಾಲಿ.

ಮಗುವಿನ ಅಂಗಿಯ ಜೇಬಿನಲ್ಲಿ ನಿಮ್ಮ ದೂರವಾಣಿ ಸಂಖ್ಯೆ ಬರೆದ ಚೀಟಿ ಇರಲಿ. ಮಗು ತಪ್ಪಿಸಿಕೊಂಡರೆ ಕೂಡಲೇ ಅಲ್ಲಿನ ಸಿಬ್ಬಂದಿಗೆ ತಿಳಿಸಿರಿ. ಮಕ್ಕಳ ಸಹಾಯವಾಣಿ 1098 ಹಾಗೂ ತುರ್ತು ಸಂಖ್ಯೆ 112 ನೆನಪಿರಲಿ.

ಮಗು ದಿನವೂ "ಎತ್ತಿಕೋ" ಎಂದರೆ

ಈ ಲೇಖನದಲ್ಲಿ ಬಹಳ ಮುಖ್ಯವಾದ ಮಾತು ಇದು. ಉದ್ಯಾನದಲ್ಲಿ ಮೂರು ಗಂಟೆ ನಡೆದು ಸೋತ ಮಗು ಆರೋಗ್ಯವಂತ ಮಗುವೇ. ಆದರೆ ಮನೆಯಿಂದ ಅಂಗನವಾಡಿಗೆ ಹೋಗುವಷ್ಟರಲ್ಲಿ ಪ್ರತಿದಿನ ಕುಳಿತುಬಿಡುವ, ಒಡನಾಡಿಗಳೊಂದಿಗೆ ಓಡಲಾರದ ಮಗುವನ್ನು "ಸೋಮಾರಿ" ಎಂದು ಗದರಿಸುವ ಮೊದಲು ವೈದ್ಯರಿಗೆ ತೋರಿಸಬೇಕು.

ಇದಕ್ಕೆ ಅತಿ ಸಾಮಾನ್ಯವಾದ ಕಾರಣ ರಕ್ತಹೀನತೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಆರು ತಿಂಗಳಿಂದ ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ 65 ಮಕ್ಕಳಿಗೆ ರಕ್ತಹೀನತೆಯಿತ್ತು. ಕಣ್ಣಿನ ಕೆಳರೆಪ್ಪೆಯ ಒಳಭಾಗ ಬಿಳಿಚಿರುವುದು, ಬೇಗ ದಣಿಯುವುದು, ಮಣ್ಣು ತಿನ್ನುವುದು ಇದರ ಲಕ್ಷಣಗಳು. ಐದು ವರ್ಷದೊಳಗಿನ ಮಕ್ಕಳಿಗೆ ವಾರಕ್ಕೆ ಎರಡು ಬಾರಿ ಕಬ್ಬಿಣಾಂಶದ ದ್ರಾವಣವನ್ನೂ, ಐದರಿಂದ ಒಂಬತ್ತು ವರ್ಷದವರಿಗೆ ವಾರಕ್ಕೊಂದು ಗುಲಾಬಿ ಬಣ್ಣದ ಮಾತ್ರೆಯನ್ನೂ, ಜೊತೆಗೆ ಜಂತುಹುಳುವಿನ ಔಷಧಿಯನ್ನೂ ಸರ್ಕಾರವು ಉಚಿತವಾಗಿ ಕೊಡುತ್ತಿದೆ. ಸೊಪ್ಪು, ರಾಗಿ, ಬೇಳೆಕಾಳು, ನೆಲ್ಲಿಕಾಯಿ, ಆಗುವವರಿಗೆ ಮೊಟ್ಟೆ ಮಾಂಸ ಇವನ್ನೂ ಕೊಡಿರಿ.

ನಡೆಯುವಾಗ ಏದುಸಿರು ಬರುವುದು, ತುಟಿ ನೀಲಿಯಾಗುವುದು, ಆಟದ ನಡುವೆ ಕುಕ್ಕರಗಾಲಿನಲ್ಲಿ ಕೂರುವುದು ಹೃದಯದ ದೋಷದ ಸೂಚನೆಯಾಗಿರಬಹುದು. ಗಂಟಲುನೋವಿನ ಕೆಲವು ವಾರಗಳ ನಂತರ ಜ್ವರ ಬಂದು ಕೀಲುಗಳು ಊದಿದರೆ ಅದನ್ನು ಕಡೆಗಣಿಸಲಾಗದು. ಕಾಲುಗಳು ಬಿಲ್ಲಿನಂತೆ ಬಾಗಿದ್ದರೆ ಮೂಳೆ ಮೆದುವಾಗಿರಬಹುದು. ಮೂರರಿಂದ ಆರು ವರ್ಷದ ಗಂಡುಮಗು ಪದೇ ಪದೇ ಬೀಳುತ್ತಿದ್ದು, ಮೀನಖಂಡಗಳು ದಪ್ಪವಾಗಿ, ನೆಲದಿಂದ ಏಳುವಾಗ ತನ್ನ ತೊಡೆಗಳ ಮೇಲೆ ಕೈಯೂರಿ ಏಳುತ್ತಿದ್ದರೆ ಸ್ನಾಯುಗಳ ಕಾಯಿಲೆಯೇ ಎಂದು ಪರೀಕ್ಷಿಸಬೇಕಾಗುತ್ತದೆ.

ಇವಲ್ಲದೆ ಕೆಲವು ಮಕ್ಕಳು ರಾತ್ರಿಯ ಹೊತ್ತು ಎರಡೂ ಕಾಲು ನೋಯುತ್ತವೆಂದು ಅತ್ತು, ಬೆಳಿಗ್ಗೆ ಎಂದಿನಂತೆ ಓಡಾಡುವುದುಂಟು. ಇದು ಸಾಮಾನ್ಯವಾಗಿ ನಿರಪಾಯಕರ. ಮೃದುವಾಗಿ ನೀವಿದರೆ ಶಮನವಾಗುವುದು. ಆದರೆ ಒಂದೇ ಕಾಲಿನಲ್ಲಿ ನೋವು, ಕುಂಟುವಿಕೆ, ಊತ ಅಥವಾ ಜ್ವರವಿದ್ದರೆ ತಡಮಾಡದೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆತನ್ನಿರಿ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ಅಂಗನವಾಡಿಗಳಿಗೂ ಸರ್ಕಾರಿ ಶಾಲೆಗಳಿಗೂ ಬಂದು 18 ವರ್ಷದವರೆಗಿನ ಮಕ್ಕಳನ್ನು ಉಚಿತವಾಗಿ ಪರೀಕ್ಷಿಸುತ್ತವೆ. ತಂಡ ಬರುವ ದಿನ ಮಗುವನ್ನು ಮನೆಯಲ್ಲಿ ಇರಿಸಿಕೊಳ್ಳಬೇಡಿ.

ನಡೆಯಲಾರದ ಮಗುವೂ ಮಗುವೇ

ಹುಟ್ಟಿನಿಂದ ಕೈಕಾಲುಗಳ ಬಿಗಿತವಿರುವ, ಸ್ನಾಯುಬಲವಿಲ್ಲದ, ಅಥವಾ ಬುದ್ಧಿಯ ಬೆಳವಣಿಗೆ ಕುಂಠಿತವಾದ ಮಕ್ಕಳು ಕೆಲವು ಮನೆಗಳಲ್ಲಿರುವರು. ದೊಡ್ಡದಾಗುತ್ತಾ ಹೋದಂತೆ ಅವರನ್ನು ಎತ್ತಿ ಒಯ್ಯುವುದು ಕಷ್ಟ. ನೋಡುವವರ ಮಾತಿಗೆ ಅಂಜಿ ಮನೆಯವರು ಅವರನ್ನು ಅಜ್ಜಿಯ ಬಳಿ ಬಿಟ್ಟು, ಉಳಿದ ಮಕ್ಕಳೊಂದಿಗೆ ಪ್ರವಾಸ ಹೊರಡುವುದುಂಟು. ಹೀಗೆ ಮಾಡಬೇಡಿ. ಆನೆಯನ್ನೂ ನೀರಿನ ಕಾರಂಜಿಯನ್ನೂ ನೋಡುವ ಆಸೆ ಆ ಮಗುವಿಗೂ ಇದೆ. ಇಂತಹ ಮಕ್ಕಳಿಗೆ ಹತ್ತು ಹನ್ನೆರಡು ವರ್ಷವಾದರೂ ಅಳತೆಗೆ ತಕ್ಕ ಗಾಡಿಯೋ ಗಾಲಿಕುರ್ಚಿಯೋ ಕಾಲಿಗೆ ಸಮಾನ. ಜನಜಂಗುಳಿಯ ಸದ್ದಿಗೆ ಬೆದರುವ ಕೆಲವು ಮಕ್ಕಳಿಗೆ ಗಾಡಿಯೇ ಒಂದು ಆಸರೆ.

ಅಂಗವಿಕಲರಿಗೆ ಸಾಧನ ಸಲಕರಣೆಗಳನ್ನು ಒದಗಿಸುವ ಸರ್ಕಾರಿ ಯೋಜನೆಗಳಿವೆ. ಅವುಗಳ ವಿವರವನ್ನು ಜಿಲ್ಲಾ ಆಸ್ಪತ್ರೆಯಲ್ಲಿ ಅಥವಾ ಅಂಗವಿಕಲರ ಕಲ್ಯಾಣ ಕಚೇರಿಯಲ್ಲಿ ಪಡೆಯಬಹುದು. ಸಾರ್ವಜನಿಕ ಸ್ಥಳಗಳಲ್ಲಿ ಅಡೆತಡೆಯಿಲ್ಲದೆ ಓಡಾಡುವುದು 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಅಧಿನಿಯಮದ ಪ್ರಕಾರ ಆ ಮಗುವಿನ ಹಕ್ಕೇ ಆಗಿದೆ. ಆದುದರಿಂದ ಗಾಡಿಯಲ್ಲಿ ಕುಳಿತ ದೊಡ್ಡ ಮಗುವನ್ನು ಕಂಡಾಗ ನಗುವ ಮೊದಲು ಒಂದು ಕ್ಷಣ ಯೋಚಿಸಿರಿ. ಅದರ ಕಾಯಿಲೆ ಹೊರಗಿನವರ ಕಣ್ಣಿಗೆ ಕಾಣುವುದಿಲ್ಲ. ನಿಮ್ಮ ನಗು ಮಾತ್ರ ಅದರ ಕಣ್ಣಿಗೆ ಕಾಣುತ್ತದೆ.

ದಂಪತಿಗಳೇ, ಮಗು ಎಷ್ಟು ದೊಡ್ಡದು ಎಂಬುದಕ್ಕಿಂತ, ಇಂದು ಅದು ಎಷ್ಟು ನಡೆಯಬೇಕಾಗಿದೆ ಎಂಬುದನ್ನು ಮೊದಲು ಕೇಳಿಕೊಳ್ಳಿರಿ. ದೂರದ ನಡಿಗೆಯ ದಿನ ಕೂರಲು ಒಂದು ಆಸರೆ, ಉಳಿದ ದಿನಗಳಲ್ಲಿ ತನ್ನ ಕಾಲ ಮೇಲಿನ ಓಡಾಟ, ದಣಿವು ದಿನನಿತ್ಯದ್ದಾದರೆ ವೈದ್ಯರ ಸಲಹೆ, ಈ ಮೂರನ್ನೂ ಗಂಡಹೆಂಡಿರು ಇಬ್ಬರೂ ನೆನಪಿನಲ್ಲಿಟ್ಟು ನಡೆದುಕೊಂಡರೆ ಪ್ರವಾಸ ಸುಖಕರವಾಗುವುದು, ಮಗುವಿನ ಆರೋಗ್ಯವೂ ಕಾಪಾಡಲ್ಪಡುವುದು. ಹೆಚ್ಚಿನ ವಿವರ ಬೇಕಾದವರು ತಮ್ಮ ಊರಿನ ಆಶಾ ಕಾರ್ಯಕರ್ತೆಯನ್ನಾಗಲಿ ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಯನ್ನಾಗಲಿ ಸಂಕೋಚವಿಲ್ಲದೆ ಕಾಣಬಹುದು.